ಎಂಟಕ್ಕೆ ಎಂಟು

ಕೂತಲ್ಲಿ ಕೂರಲಾರದ ಅವಳು ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಕಲ್ಲಿನಂತೆ ಕೂರುತ್ತಿದ್ದಳು. ಗಂಡ ತೀರಿಹೋಗಿ ಏಳು ತಿಂಗಳಾಗಿತ್ತು. ಮನೆಯಲ್ಲಿದ್ದರೆ ತೊಳೆದ ಲೋಟವನ್ನೇ ಮತ್ತೆ ತೊಳೆಯುವಳು. ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಇನ್ನೊಮ್ಮೆ ಮಡಚುವಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುವಳು. ಕಚೇರಿಯಲ್ಲಿ ಲಿಫ್ಟಿಗೆ ಕಾಯಲಾರದೆ ನಾಲ್ಕು ಮಹಡಿ ಹತ್ತಿ, ಹತ್ತಿದ ಮೇಲೆ ಇಷ್ಟು ಅವಸರ ಯಾಕಿತ್ತೆಂದು ತನಗೇ ತಿಳಿಯದೆ ಕಿಟಕಿಯ ಹತ್ತಿರ ನಿಂತುಬಿಡುವಳು. ಆದರೆ ಆ ಸಣ್ಣ ಕೋಣೆಯ ಬಾಗಿಲು ಮುಚ್ಚಿ, ಮೇಜಿನ ಆಚೆ ಯಾರೋ ಅಪರಿಚಿತರು ಬಂದು ಕೂತರೆಂದರೆ ಸಾಕು, ಅವಳ ಕೈಕಾಲು ಹೇಳಿದ ಮಾತು ಕೇಳುತ್ತಿದ್ದವು.

ನೋಡುವುದೇ ಅವಳ ಕೆಲಸ. ಹೊಸದಾಗಿ ಮಾಡಿದ ಯಂತ್ರವನ್ನು ನಾಳೆ ಅದನ್ನು ಬಳಸಬೇಕಾದವರ ಮುಂದಿಟ್ಟು, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ನೋಡಿ ಬರೆದುಕೊಳ್ಳುವುದು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇದನ್ನೇ ಕಲಿತಿದ್ದಳು. ಕಲಿತ ಮೊದಲ ಪಾಠ ಸುಮ್ಮನಿರುವುದು. ಸಹಾಯ ಮಾಡಬಾರದು, ತಲೆಯಾಡಿಸಬಾರದು, ಭೇಷ್ ಎನ್ನಬಾರದು. "ಇದನ್ನ ಒತ್ತಲಾ?" ಎಂದು ಕೇಳಿದರೆ "ನಾನಿಲ್ದಿದ್ರೆ ಏನು ಮಾಡ್ತಿದ್ರಿ?" ಎಂದು ತಿರುಗಿ ಕೇಳಬೇಕು. ಜನ ಒಳ್ಳೆಯವರು. ಎದುರಿಗೆ ಕೂತವರಿಗೆ ಬೇಜಾರಾಗದಿರಲಿ ಎಂದು ಕೆಟ್ಟ ಯಂತ್ರವನ್ನೂ ಹೊಗಳಿಬಿಡುತ್ತಾರೆ. ಆದ್ದರಿಂದ ಎದುರಿಗೆ ಕೂತವರು ಇದ್ದೂ ಇಲ್ಲದಂತಿರಬೇಕು.

ಈ ವಿದ್ಯೆ ಈಗ ಅವಳಿಗೆ ಬೇಡವೆಂದರೂ ಬಂದಿತ್ತು. ಮುಖದ ಮೇಲೆ ಏನೂ ಮೂಡುತ್ತಿರಲಿಲ್ಲ. ಕಚೇರಿಯವರು ಬೆನ್ನ ಹಿಂದೆ ಅವಳನ್ನು ಗೋಡೆ ಎನ್ನುತ್ತಿದ್ದರು. ಎದುರಿಗೇ ಹೇಳುವ ಧೈರ್ಯವಿದ್ದದ್ದು ಯಂತ್ರಗಳನ್ನು ಮಾಡುವ ಎಂಜಿನಿಯರ್ ಒಬ್ಬನಿಗೇ.

"ಅಕ್ಕ, ನಿಮ್ಮ ಮುಖ ನೋಡಿ ಏನಾದ್ರೂ ತಿಳ್ಕೋಬೇಕು ಅಂದ್ರೆ ಅರ್ಜಿ ಕೊಡ್ಬೇಕು."

"ಕೊಟ್ಟು ನೋಡು. ತಿರಸ್ಕಾರ ಆಗುತ್ತೆ."

ಈ ಸಲ ಮೇಜಿನ ಮೇಲಿದ್ದದ್ದು ಮಾತ್ರೆ ಡಬ್ಬಿ. ಇಟ್ಟಿಗೆಯಷ್ಟು ಗಾತ್ರ, ಬಿಳಿ ಬಣ್ಣ. ವಾರದ ಮಾತ್ರೆಗಳನ್ನು ಒಳಗೆ ತುಂಬಿಟ್ಟರೆ ಹೊತ್ತಿಗೆ ಸರಿಯಾಗಿ ಹಸಿರು ದೀಪ ಹತ್ತುತ್ತದೆ. ಎದುರಿನ ದೊಡ್ಡ ಗುಂಡಿ ಒತ್ತಿದರೆ ಟಕ್ ಎಂದು ಆ ಹೊತ್ತಿನ ಮಾತ್ರೆ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ಅನುಮಾನ ಬಂದವರು ಅದನ್ನು ಒತ್ತಿದರೆ, ಕೊನೆಯ ಮಾತ್ರೆ ಎಷ್ಟು ಗಂಟೆಗೆ ಬಿತ್ತೆಂದು ಗಾಜಿನ ಮೇಲೆ ಮೂಡುತ್ತದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊರಗೆ ಹೋಗುವವರಿಗೆ ಅನುಕೂಲವಾಗಲಿ ಎಂದು ಎಂಜಿನಿಯರ್ ಇನ್ನೊಂದು ಸೌಕರ್ಯ ಸೇರಿಸಿದ್ದ. ದೊಡ್ಡ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಮುಂದಿನ ಹೊತ್ತಿನ ಮಾತ್ರೆಯೂ ಬೀಳುತ್ತದೆ. ಮರೆತವರು ಯಾರಾದರೂ ಚಿಕ್ಕ ಗುಂಡಿಯನ್ನು ಬಿಟ್ಟು ದೊಡ್ಡದನ್ನು ಒತ್ತಿ ಹಿಡಿದರೆ ಎರಡು ಹೊತ್ತಿನ ಔಷಧಿ ಒಂದೇ ಹೊತ್ತಿಗೆ ಹೊಟ್ಟೆ ಸೇರುತ್ತದೆ. ರಕ್ತದೊತ್ತಡದ ಮಾತ್ರೆಯಾದರೆ, ವಯಸ್ಸಾದವರು ತಲೆ ಸುತ್ತಿ ನೆಲಕ್ಕೆ ಬೀಳಲು ಅಷ್ಟು ಸಾಕು.

ಆದ್ದರಿಂದಲೇ ಪರೀಕ್ಷೆಯಲ್ಲಿ ನಾಲ್ಕನೆಯ ಪ್ರಶ್ನೆ: "ಬೆಳಗಿನ ಮಾತ್ರೆ ತಗೊಂಡ್ರೋ ಇಲ್ವೋ ನೆನಪಿಲ್ಲ ಅಂದ್ಕೊಳ್ಳಿ. ಈಗೇನು ಮಾಡ್ತೀರಿ?" ಅರವತ್ತು ದಾಟಿದ ಎಂಟು ಜನ ಬಂದರು. ಡಬ್ಬಿಯ ತುಂಬ ಸಕ್ಕರೆಯ ಹುಸಿ ಮಾತ್ರೆ. ಹೆಚ್ಚಿನವರು ಸ್ವಲ್ಪ ತಡೆದು ಯೋಚಿಸಿದರೂ, ಎಂಟೂ ಜನ ಚಿಕ್ಕ ಗುಂಡಿಯನ್ನೇ ಒತ್ತಿದರು.

ಕಚೇರಿಯ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ಗಡುವು. ಅವರ ಬಾಯಲ್ಲಿ ಆ ಮಾತು ಬರದೆ ಒಂದು ಗಂಟೆ ಕಳೆದದ್ದಿಲ್ಲ. ಅವರು ಬೋರ್ಡಿನ ಮೇಲೆ "ಎಂಟಕ್ಕೆ ಎಂಟು" ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಶುಕ್ರವಾರ ಹನ್ನೊಂದು ಗಂಟೆಗೆ ಡಬ್ಬಿಯ ಅಚ್ಚು ಮಾಡಿಸಲು ಸಹಿ. ಅಚ್ಚು ಒಮ್ಮೆ ಕೊರೆದರೆ ಮುಗಿಯಿತು. ಎರಡು ವರ್ಷ ಆ ಗುಂಡಿಗಳನ್ನು ಯಾರೂ ಅಲುಗಿಸುವಂತಿಲ್ಲ.

ಮಂಗಳವಾರ ಸಂಜೆ ಅವಳು ಮನೆಯ ಅಡುಗೆ ಕೋಣೆಯಲ್ಲಿ ಒಲೆಯ ಸುತ್ತ ಒರೆಸಿದ್ದನ್ನೇ ಒರೆಸುತ್ತಿದ್ದಾಗ, ಹೊರಗಿನ ಕೋಣೆಯಿಂದ ಸದ್ದು ಬಂತು. ಟಕ್. ಒಂದು ಕ್ಷಣ ಬಿಟ್ಟು ಮತ್ತೆ, ಟಕ್.

ಅಲ್ಲಿದ್ದದ್ದು ಅತ್ತೆ. ಎರಡನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಈಗ ಉಳಿದವರು ಅವರಿಬ್ಬರೇ. ಪರೀಕ್ಷೆ ಶುರುವಾಗುವ ಮೊದಲು ತಾಲೀಮಿಗೆಂದು ಅವಳು ಡಬ್ಬಿಯ ಒಂದು ಮಾದರಿಯನ್ನು ತಂದು ಅತ್ತೆಯ ಮುಂದಿಟ್ಟಿದ್ದಳು. ಮೂರು ಸಲ ಕೇಳಿದ್ದಳು, ಮೂರು ಸಲವೂ ಅತ್ತೆ ಸರಿಯಾದ ಗುಂಡಿಯನ್ನೇ ಒತ್ತಿದ್ದರು. ಆಮೇಲೆ ಡಬ್ಬಿ ಅಲ್ಲೇ ಫೋನಿನ ಪಕ್ಕ ಉಳಿಯಿತು. ಅತ್ತೆಗೆ ಅದೊಂದು ಹೊತ್ತು ಕಳೆಯುವ ಆಟ. ಹೊತ್ತು ಹೊತ್ತಿಗೆ ಒತ್ತಿ ಒಂದು ಸಕ್ಕರೆ ಮಾತ್ರೆ ಚೀಪುವರು.

ಅವಳು ಒರೆಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ಬಟ್ಟಲಿನಲ್ಲಿ ಎರಡು ಮಾತ್ರೆ.

"ಏನಾಯ್ತು ಅತ್ತೆ?"

"ಸಂಜೆದು ತಗೊಂಡೆನೋ ಇಲ್ವೋ ಅಂತ ನೆನಪಾಗ್ಲಿಲ್ಲ. ಒತ್ತಿ ಹಿಡಿದೆ. ಎರಡು ಬಿತ್ತು."

"ದೊಡ್ಡದು ಯಾಕೆ ಒತ್ತಿದ್ರಿ? ಚಿಕ್ಕದು ಅಂತ ಗೊತ್ತಲ್ವಾ. ಅವತ್ತು ಮೂರು ಸಲ ಸರಿಯಾಗಿ ಮಾಡಿದ್ರಿ."

"ಅವತ್ತು ನೀನು ಎದುರಿಗಿದ್ದೆ."

"ನಾನೇನೂ ಹೇಳ್ಲಿಲ್ಲ."

"ನೀನು ಯಾವಾಗ ಏನು ಹೇಳ್ತೀಯ," ಎಂದರು ಅತ್ತೆ. ಎರಡು ಮಾತ್ರೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಒಂದನ್ನು ಎಡಗೆನ್ನೆಗೂ ಇನ್ನೊಂದನ್ನು ಬಲಗೆನ್ನೆಗೂ ತಳ್ಳಿದರು. "ದೊಡ್ಡ ಗುಂಡಿ ಹತ್ರ ಕೈ ಹೋದ್ರೆ ನೀನು ಉಸಿರು ಹಿಡೀತೀಯ. ಕೈ ಪಕ್ಕಕ್ಕೆ ಹೋದ್ರೆ ಬಿಡ್ತೀಯ. ನಾನು ಅದನ್ನ ಕೇಳ್ಕೊಂಡು ಒತ್ತಿದ್ದು."

"ನಾನು ಹಾಗೆ ಮಾಡಲ್ಲ ಅತ್ತೆ. ಅದೇ ನನ್ನ ಕೆಲಸ."

"ಆಸ್ಪತ್ರೇಲಿ ಶುರುವಾದ ಚಾಳಿ ಅದು. ಹನ್ನೊಂದು ದಿನ ಮಂಚದ ಆ ಕಡೆ ನೀನು, ಈ ಕಡೆ ನಾನು. ಅವನ ಉಸಿರು ನಿಂತಾಗೆಲ್ಲ ನಿಂದೂ ನಿಲ್ತಿತ್ತು. ಇಬ್ರಲ್ಲಿ ಯಾರನ್ನ ನೋಡ್ಲಿ ಅಂತ ನನಗೆ ತಿಳೀತಿರ್ಲಿಲ್ಲ."

ಅವಳು ಫೋನಿನ ಮೇಜನ್ನು ಒರೆಸತೊಡಗಿದಳು. ಅತ್ತೆ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಈ ಮನೇಲಿ ನಿನ್ನ ಮುಖ ಬಿಟ್ರೆ ನಂಗೆ ನೋಡೋಕೆ ಇನ್ನೇನಿದೆ? ಊಟ ಮಾಡಿದ್ಯಾ, ಮಲಗಿದ್ಯಾ, ಎಲ್ಲ ಅದರಲ್ಲೇ ಓದ್ಬೇಕು. ಅಭ್ಯಾಸ ಆಗಿದೆ."

ಬುಧವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಕಚೇರಿಗೆ ಬಂದಳು. ಅತ್ತೆಯ ಮಾತು ಅತ್ತೆಯದು, ಬೇರೆಯವರಿಗೆ ಅದು ಕೇಳಿಸಿರಲಾರದು ಎಂದು ದಾರಿಯುದ್ದಕ್ಕೂ ತನಗೇ ಸಮಾಧಾನ ಹೇಳಿಕೊಂಡಿದ್ದಳು. ಪರೀಕ್ಷೆಯ ವಿಡಿಯೋ ತೆರೆದಳು. ಕ್ಯಾಮೆರಾದ ಕಣ್ಣು ಬಂದವರ ಮೇಲೆ. ಅವಳು ಅದರಲ್ಲಿ ಎಲ್ಲೂ ಕಾಣಿಸುವುದಿಲ್ಲ. ನಿಯಮದ ಪ್ರಕಾರ ಪರೀಕ್ಷೆ ನಡೆಸುವವರನ್ನೂ ನೋಡಲು ಇನ್ನೊಬ್ಬರಿರಬೇಕು. ಆ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಳು. ಗೋಡೆಯನ್ನು ಏನು ನೋಡುವುದು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೆಡ್‌ಫೋನ್ ಹಾಕಿ ಸದ್ದು ಹೆಚ್ಚಿಸಿದಳು.

ಮೊದಲನೆಯವರು ನಿವೃತ್ತ ಬಸ್ ಚಾಲಕರು. ನಾಲ್ಕನೆಯ ಪ್ರಶ್ನೆ. ಅವರ ದಪ್ಪ ಬೆರಳು ದೊಡ್ಡ ಗುಂಡಿಯ ಮೇಲೆ ಬಂತು. ಅಲ್ಲಿಯವರೆಗೆ ಸಣ್ಣಗೆ ಕೇಳಿಸುತ್ತಿದ್ದ ಏನೋ ಒಂದು ನಿಂತುಹೋಯಿತು. ಅದೇನೆಂದು ಅವಳಿಗೆ ನಿಂತ ಮೇಲೆ ತಿಳಿಯಿತು. ಚಾಲಕರು ತಲೆ ಎತ್ತಿ ಕ್ಯಾಮೆರಾದ ಪಕ್ಕಕ್ಕೆ, ಅಂದರೆ ಅವಳತ್ತ ನೋಡಿದರು. ಬೆರಳು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಹೆಡ್‌ಫೋನಿನ ಒಳಗೆ ಯಾರೋ ಉಸಿರು ಬಿಟ್ಟರು.

"ಇದೇ ಅಲ್ವಾ?" ಚಾಲಕರ ದನಿ.

"ನಾನಿಲ್ದಿದ್ರೆ ಏನು ಮಾಡ್ತಿದ್ರಿ?" ಅವಳದೇ ದನಿ, ಒಣಕಲು.

"ನೀವಿಲ್ದಿದ್ರೆ ನನ್ನ ಹೆಂಡ್ತಿ ಇರ್ತಾಳಲ್ಲ."

ಅವತ್ತು ಕೋಣೆಯ ಗಾಜಿನ ಗೋಡೆಯ ಆಚೆ ಕೂತು ನೋಡುತ್ತಿದ್ದವರೆಲ್ಲ ಇದಕ್ಕೆ ನಕ್ಕಿದ್ದರು. ಎರಡನೆಯವರು ನಿವೃತ್ತ ಶಿಕ್ಷಕಿ. ಬೆರಳು, ಮೌನ, ಒಂದು ನೋಟ, ಉಸಿರು. ಮೂರನೆಯವರೂ ನಾಲ್ಕನೆಯವರೂ ಹಾಗೆಯೇ. ಐದನೆಯವರು ನೇರವಾಗಿ ಚಿಕ್ಕ ಗುಂಡಿಗೇ ಹೋದರು. ಅವರೊಬ್ಬರು ನಿಜವಾಗಿ ಪಾಸು. ಉಳಿದ ಏಳು ಜನ ಡಬ್ಬಿಯನ್ನು ಓದಲಿಲ್ಲ, ಅವಳನ್ನು ಓದಿದರು.

ಎದ್ದು ಕಿಟಕಿಗೆ ಹೋದಳು. ಬಂದು ಕೂತಳು. ಮತ್ತೆ ಎದ್ದಳು. ಇದು ಗೊತ್ತಿರುವುದು ತನಗೆ, ಅತ್ತೆಗೆ. ಅತ್ತೆ ಕಚೇರಿಗೆ ಬಂದು ಹೇಳುವವರಲ್ಲ. ಹೇಳಿದರೆ ಅಚ್ಚು ನಿಲ್ಲುತ್ತದೆ, ಗಡುವು ಸಿಡಿಮಿಡಿಗೊಳ್ಳುತ್ತಾರೆ, ಅದೆಲ್ಲ ಸರಿ. ಆದರೆ ಹೇಳಿದ ಮೇಲೆ ಆ ಸಣ್ಣ ಕೋಣೆಯ ಕುರ್ಚಿ ತನಗೆ ದಕ್ಕುವುದಿಲ್ಲ. ಇಡೀ ಊರಿನಲ್ಲಿ ಅವಳ ಮೈ ನಿಲ್ಲುತ್ತಿದ್ದ ಜಾಗ ಅದೊಂದೇ. ಅಲ್ಲೂ ನಿಂತಿರಲಿಲ್ಲ ಎನ್ನುವುದು ಈಗ ಕಿವಿಯಲ್ಲೇ ಕೇಳಿಸಿತ್ತು.

ಎಂಜಿನಿಯರ್ ಬರುವ ಹೊತ್ತಿಗೆ ಅವಳು ಅವನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಹೆಡ್‌ಫೋನ್ ಅವನ ತಲೆಗೆ ಹಾಕಿ, ಮೂರು ಜನರ ರೆಕಾರ್ಡಿಂಗ್ ಕೇಳಿಸಿದಳು.

"ಉಸಿರಾಡೋದೂ ತಪ್ಪಾ ಅಕ್ಕ?"

"ಸರಿಯಾದ ಹೊತ್ತಿಗೆ ನಿಲ್ಲಿಸೋದು ತಪ್ಪು."

"ಕಾಕತಾಳೀಯ ಇರ್ಬಹುದು."

"ಏಳು ಸಲ?"

ಅವನು ಹೆಡ್‌ಫೋನ್ ತೆಗೆದು ವೈರನ್ನು ಬೆರಳಿಗೆ ಸುತ್ತತೊಡಗಿದ. ಒತ್ತಿ ಹಿಡಿಯುವ ಸೌಕರ್ಯ ಅವನ ಕೂಸು. ಅದಕ್ಕಾಗಿ ಎರಡು ವಾರ ಒದ್ದಾಡಿದ್ದ.

"ನಿಮ್ಮನ್ನ ಗೋಡೆ ಅಂತಿದ್ವಿ."

"ಗೋಡೆ ಅಲ್ಲ, ದಾರಿ ತೋರಿಸೋ ಫಲಕ. ನಾಳೆ ಮತ್ತೆ ಮಾಡೋಣ. ಹೊಸಬರು ಬೇಕು. ನಾನು ಒಳಗಿರಲ್ಲ."

"ಗಡುವಿಗೆ ಹೇಳಲ್ವಾ?"

"ಇವತ್ತು ಹೇಳಿದ್ರೆ, ಭ್ರಮೆ ಅಂತಾರೆ. ಎಣಿಸಿ ತಂದು ಹೇಳ್ತೀನಿ."

ಕಟ್ಟಡದ ನೆಲಮಹಡಿಯಲ್ಲಿ ಒಂದು ಚಿಕಿತ್ಸಾಲಯವಿತ್ತು. ಗುರುವಾರ ಬೆಳಿಗ್ಗೆ ಅಲ್ಲಿ ಸರದಿಗೆ ಕಾದು ಕೂತವರ ನಡುವೆ ಅವಳು ಅರ್ಧ ಗಂಟೆ ಓಡಾಡಿದಳು. ಒಬ್ಬರು ಬೈದು ಕಳಿಸಿದರು. ಇನ್ನೊಬ್ಬರು ಮಾತ್ರೆ ಎಂಬ ಹೆಸರು ಕೇಳಿಯೇ ಕಣ್ಣು ಮುಚ್ಚಿಕೊಂಡರು. ಐದು ಜನ ಒಪ್ಪಿದರು. ಒಬ್ಬೊಬ್ಬರನ್ನೇ ಕೋಣೆಗೆ ಕರೆತಂದು, ಡಬ್ಬಿಯಲ್ಲಿರುವುದು ಬರೀ ಸಕ್ಕರೆ ಎಂದು ಹೇಳಿ, ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಕಾಗದ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಎಂಜಿನಿಯರ್ ಪಕ್ಕದ ಕೋಣೆಯಲ್ಲಿ ಪರದೆ ನೋಡುತ್ತಿದ್ದ.

ಓಣಿಯಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನೀರಿನ ಯಂತ್ರದವರೆಗೆ ಹೋಗಿ ಬಂದಳು. ಗೋಡೆಯ ಮೇಲಿನ ಸೂಚನೆ ಓದಿದಳು. ಬೆಂಕಿ ಬಿದ್ದರೆ ಓಡಬೇಡಿ, ನಡೆಯಿರಿ ಎಂದಿತ್ತು. ಬಾಗಿಲಿಗೆ ಕಿವಿ ಕೊಡಬಾರದೆಂದು ಎರಡು ಹೆಜ್ಜೆ ದೂರ ನಿಂತಳು. ಆದರೂ ಕೇಳಿಸಿತು: ಟಕ್. ಸ್ವಲ್ಪ ತಡೆದು, ಟಕ್.

ಒಳಗಿದ್ದವರು ದರ್ಜಿ ಹೆಂಗಸು. ಬಾಗಿಲು ತೆರೆದಾಗ ಬಟ್ಟಲು ಖಾಲಿ.

"ಎರಡು ಬಿತ್ತಮ್ಮ. ಒಂದು ಬಿಟ್ರೆ ಹಾಳಾಗುತ್ತೆ ಅಂತ ಎರಡೂ ನುಂಗಿದೆ. ಸಿಹಿಯಾಗಿದೆ. ನಿಜವಾದ ಮಾತ್ರೇನೂ ಹಿಂಗೇ ಇರ್ಬಾರ್ದಾ."

"ಪಕ್ಕದಲ್ಲಿದ್ದ ಗುಂಡಿ ನೋಡಿದ್ರಾ?"

"ನೋಡಿದೆ. ಯಾವುದು ಅಂತ ಕೇಳೋಣ ಅಂತ ನಿಮ್ಮನ್ನ ಹುಡುಕಿದೆ. ನೀವೇ ಇರ್ಲಿಲ್ಲ."

ಐವರಲ್ಲಿ ಮೂವರು ದೊಡ್ಡ ಗುಂಡಿಯನ್ನು ಒತ್ತಿ ಹಿಡಿದರು. ನಾಲ್ಕನೆಯವರು ಚಿಕ್ಕದನ್ನು ಒತ್ತಿದರು. ಐದನೆಯವರು ಯಾವುದನ್ನೂ ಒತ್ತದೆ ಕಾಗದದ ಹಿಂಬದಿಯಲ್ಲಿ "ಮಗಳಿಗೆ ಫೋನ್ ಮಾಡುತ್ತೇನೆ" ಎಂದು ಬರೆದಿಟ್ಟು ಎದ್ದರು. ಎಂಜಿನಿಯರ್ ಪರದೆ ಆರಿಸಿದ. ಆಮೇಲೆ, "ಪ್ರಯಾಣಕ್ಕೆ ಹೋಗೋರ ಬಗ್ಗೆ ಯೋಚಿಸಿದೆ ಅಕ್ಕ," ಎಂದ. "ಮನೇಲೇ ಇರೋರ ಬಗ್ಗೆ ಯೋಚಿಸ್ಲಿಲ್ಲ."

ಶುಕ್ರವಾರ ಹನ್ನೊಂದಕ್ಕೆ ಗಡುವು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಅವಳು ಕೂರಲಿಲ್ಲ.

"ಸರ್, ಸಹಿ ಹಾಕೋ ಮೊದಲು ಒಂದು ನಿಮಿಷ. ಎಂಟಕ್ಕೆ ಎಂಟು ಅನ್ನೋದು ಸುಳ್ಳು."

"ವರದಿ ನಿಮ್ಮದೇ ಅಲ್ವೇನಮ್ಮ?"

"ಹೌದು ಸರ್. ಸುಳ್ಳೂ ನಂದೇ."

ಚಾಲಕರ ವಿಡಿಯೋ ಹಾಕಿ, ಸದ್ದು ಜೋರು ಮಾಡಿದಳು. ಇಡೀ ಕೋಣೆಗೆ ಅವಳ ಉಸಿರು ಕೇಳಿಸಿತು, ನಿಂತದ್ದು ಕೇಳಿಸಿತು. ಮೇಜಿನ ಸುತ್ತ ಕೂತವರು ತಮ್ಮ ತಮ್ಮ ಕಾಗದಗಳನ್ನು ನೋಡತೊಡಗಿದರು. ಬೇರೆಯವರ ಮಲಗುವ ಕೋಣೆಗೆ ತಪ್ಪಿ ಕಾಲಿಟ್ಟವರಂತೆ. ಅವಳು ಎರಡನೆಯ ವಿಡಿಯೋ ಹಾಕಿದಳು, ಮೂರನೆಯದೂ ಹಾಕಿದಳು. ಆಮೇಲೆ ಗುರುವಾರದ್ದು: ದರ್ಜಿ ಹೆಂಗಸು ತಲೆ ಎತ್ತಿ ಖಾಲಿ ಕುರ್ಚಿಯನ್ನು ನೋಡಿ, ಭುಜ ಕುಣಿಸಿ, ದೊಡ್ಡ ಗುಂಡಿ ಒತ್ತಿ ಹಿಡಿಯುವುದು.

"ಐದು ಜನರಲ್ಲಿ ಮೂರು ಜನ," ಎಂದಳು. "ಡಬ್ಬಿ ಮನೆಗೆ ಹೋಗುತ್ತೆ. ಡಬ್ಬಿ ಜೊತೆ ನಾನು ಹೋಗಲ್ಲ."

ಗಡುವು ಎಂಜಿನಿಯರತ್ತ ತಿರುಗಿದರು. "ನೀನೇನಪ್ಪ ಹೇಳ್ತೀಯ?"

"ಒತ್ತಿ ಹಿಡಿಯೋದನ್ನ ತೆಗೀತೀನಿ ಸರ್. ಗುಂಡಿ ಒಂದೇ ಸಾಕು. ಹೊತ್ತಾಗಿದ್ರೆ ಮಾತ್ರೆ, ಇಲ್ಲಾಂದ್ರೆ ಗಂಟೆ ತೋರಿಸುತ್ತೆ."

"ಮೂರು ವಾರ ಹೋಯ್ತು." ಗಡುವು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಅವಳ ಹೊಸ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೊನೆಯ ಸಾಲನ್ನು ಎರಡು ಸಲ ಓದಿದರು. ಮುಂದಿನ ಪರೀಕ್ಷೆಗಳನ್ನು ಬೇರೊಬ್ಬರು ನಡೆಸತಕ್ಕದ್ದು ಎಂದಿತ್ತು. "ಇದನ್ನ ನಾನೇ ಹೇಳ್ಬೇಕು ಅಂತಿದ್ದೆ. ನೀವೇ ಬರ್ಕೊಂಡು ಬಂದಿದ್ದೀರಿ. ಆ ಕುರ್ಚಿ ಬಿಟ್ರೆ ಏನು ಮಾಡ್ತೀರಿ?"

"ಗೊತ್ತಿಲ್ಲ ಸರ್."

"ರೆಕಾರ್ಡಿಂಗ್ ಕೇಳಿ. ಇಷ್ಟು ದಿನ ನಮ್ಮಲ್ಲಿ ಯಾರೂ ಕೇಳಿರ್ಲಿಲ್ಲ." ಎದ್ದು ಹೋಗಿ ಬೋರ್ಡಿನ ಮೇಲಿನ ಅಕ್ಷರಗಳನ್ನು ಅಂಗೈಯಿಂದಲೇ ಒರೆಸಿದರು. ಎರಡು ಗೆರೆ ಹಾಗೇ ಉಳಿದವು.

ಎರಡು ವಾರವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಅತ್ತೆಯ ಮುಂದೆ ಅದೇ ಡಬ್ಬಿ. ಒಳಗಿನ ಲೆಕ್ಕಾಚಾರ ಬದಲಾಗಿತ್ತು. ಚಿಕ್ಕ ಗುಂಡಿಯ ಮೇಲೆ ಬಿಳಿ ಪಟ್ಟಿ ಅಂಟಿಸಿತ್ತು.

"ಇದಕ್ಕೇನಾಯ್ತು, ಗಾಯಾನಾ?" ಎಂದರು ಅತ್ತೆ.

"ನೋಡ್ತಿರಿ. ಬೆಳಗಿಂದು ತಗೊಂಡ್ರೋ ಇಲ್ವೋ ನೆನಪಿಲ್ಲ ಅಂದ್ಕೊಳ್ಳಿ."

"ಅಂದ್ಕೊಳ್ಳೋದೇನು, ನಿಜವಾಗ್ಲೂ ನೆನಪಿಲ್ಲ."

ಅವಳು ಅಡುಗೆ ಕೋಣೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೆಲಸದ ಮೇಲಿರಲಿಲ್ಲ, ಇದು ಯಾವ ವರದಿಗೂ ಸೇರುವುದಲ್ಲ. ಆದರೂ ಕಿವಿ ಹೊರಗಿನ ಕೋಣೆಯತ್ತಲೇ ಇತ್ತು. ಆ ಕಡೆಯಿಂದ ಸದ್ದಿಲ್ಲ.

"ಅಲ್ಲೇ ಇದ್ದೀಯಾ?" ಅತ್ತೆಯ ದನಿ.

"ಇಲ್ಲ."

"ಇಲ್ದಿದ್ರೆ ಉಸಿರಾದ್ರೂ ಬಿಡು."

ಅವಳು ಚಪ್ಪಲಿ ಮೆಟ್ಟಿ, ಬಾಗಿಲು ತೆರೆದಿಟ್ಟೇ ಮೆಟ್ಟಿಲಿಳಿದು ಬೀದಿಗೆ ಬಂದಳು. ಎದುರುಗಡೆ ಒಬ್ಬರು ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಚೈನ್ ಕೂರಿಸುತ್ತಿದ್ದರು. ಕೂರಿಸಿದಷ್ಟೂ ಜಾರುತ್ತಿತ್ತು. ಅವಳು ಅದನ್ನೇ ನೋಡುತ್ತ, ಸಹಾಯ ಮಾಡದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಮನೆಗೆ ಬೆನ್ನು ಮಾಡಿದಳು. ತಿರುಗಿದಳು. ಮತ್ತೆ ಬೆನ್ನು ಮಾಡಿದಳು.

ಮೇಲಿನ ಕಿಟಕಿ ತೆರೆದ ಸದ್ದು.

"ಏನೂ ಬೀಳ್ಲಿಲ್ಲ ಕಣೇ," ಅತ್ತೆ ಇಡೀ ಬೀದಿಗೆ ಕೇಳುವಂತೆ ಹೇಳಿದರು. "ಎಷ್ಟು ಒತ್ತಿದ್ರೂ ಎಂಟೂಕಾಲು ಎಂಟೂಕಾಲು ಅಂತ ತೋರಿಸ್ತಿದೆ. ನಾನು ಎಂಟೂಕಾಲಿಗೇ ತಗೊಂಡಿದ್ದೀನಿ ಅಂತ ತಾನೇ? ಸರೀನಾ?"

ಸೈಕಲ್ಲಿನವರೂ ತಲೆ ಎತ್ತಿ ಅವಳ ಉತ್ತರಕ್ಕೆ ಕಾದರು. ಹೌದೆನ್ನಬಾರದು, ತಲೆಯಾಡಿಸಬಾರದು. ಎರಡು ಮಹಡಿ ಮೇಲಿನಿಂದ ಮುಖ ಕಾಣದೆಂದು ಗೊತ್ತಿದ್ದೂ ಅವಳು ಮುಖ ತಗ್ಗಿಸಿ ತನ್ನ ಚಪ್ಪಲಿಯನ್ನು ನೋಡಿದಳು.

"ತಲೆ ಬಗ್ಗಿಸಿದ್ರೂ ಗೊತ್ತಾಗುತ್ತೆ," ಎಂದರು ಅತ್ತೆ. "ಮೇಲೆ ಬಾ. ಬೆಳಗಿಂದ ನೀನು ಏನೂ ತಿಂದಿಲ್ಲ. ಅದನ್ನ ತೋರಿಸೋಕೆ ಡಬ್ಬಿ ಬೇಕಾಗಿಲ್ಲ."